ಬಿಸಿಲಿನ ಅನ್ನಾಂಗ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿಗಳಲ್ಲಿ ದಂಡಿಗನಹಳ್ಳಿಯೂ ಒಂದು. ಇದು ಮಲೆನಾಡಿನ ಜಡಿಮಳೆ ಕಾಣದ, ಹಾಗೆಂದು ತೀರ ಬರಡೂ ಅಲ್ಲದ ಬಯಲುಸೀಮೆ. ಮಳೆಗಾಲದ ಮೋಡದ ದಿನಗಳನ್ನು ಬಿಟ್ಟರೆ ವರ್ಷದ ಬಹುಭಾಗ ಇಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಹೊಲದಲ್ಲಿ ರಾಗಿ, ತೋಟದಲ್ಲಿ ತೆಂಗು, ಕೊಟ್ಟಿಗೆಯಲ್ಲಿ ಹಸು, ಇವು ಈ ಸೀಮೆಯ ಬಾಳಿಗೆ ಆಧಾರಗಳು. ಇದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನು ಸಾವಿರ ವರ್ಷಗಳಿಂದ ಸೂರಿಲ್ಲದೆ ಬಯಲಿನಲ್ಲಿ ನಿಂತಿದ್ದಾನೆ. ಆಕಾಶವೇ ಚಾವಣಿಯಾದ ಇಂತಹ ನಾಡಿನಲ್ಲಿ ಬಿಸಿಲು ಸಾಲದೆ ರೋಗ ಬರುತ್ತದೆ ಎಂದರೆ ಯಾರೂ ಒಡನೆ ನಂಬಲಾರರು. ಕೆರೆಯ ಏರಿಯ ಮೇಲೆ ಕುಳಿತವನು ಬಾಯಾರಿ ಬಳಲಿದನೆಂಬ ಮಾತಿನಂತೆ ಅದು ಕೇಳಿಸುತ್ತದೆ. ಆದರೂ ಆ ಮಾತು ಸುಳ್ಳಲ್ಲ. ಅದು ಹೇಗೆ ನಿಜ, ಎಷ್ಟರಮಟ್ಟಿಗೆ ನಿಜ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಮೊದಲು ರಾಗಿಯಿಂದಲೇ ಆರಂಭಿಸೋಣ. ಕನಕದಾಸರು ತಮ್ಮ 'ರಾಮಧಾನ್ಯ ಚರಿತೆ'ಯಲ್ಲಿ ಬತ್ತಕ್ಕೂ ರಾಗಿಗೂ ವಾದವನ್ನು ಹೂಡಿಸಿ ಕೊನೆಗೆ ರಾಗಿಗೆ ಗೆಲುವನ್ನು ಕೊಡಿಸಿದರು. ಇಂದಿನ ಆಹಾರಶಾಸ್ತ್ರವೂ ಒಂದು ವಿಷಯದಲ್ಲಿ ರಾಗಿಯ ಪಕ್ಷವನ್ನೇ ವಹಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ, ಎಂದರೆ ಸುಣ್ಣದ ಸತ್ತ್ವ, ಇರುತ್ತದೆ. ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂನ ಆಸುಪಾಸು ಮಾತ್ರ. ನಮ್ಮ ಮೂಳೆಗಳ ಗಟ್ಟಿತನಕ್ಕೆ ಸುಣ್ಣವೂ ರಂಜಕವೂ ಕಾರಣ. ಹಾಗಾದರೆ ರಾಗಿಮುದ್ದೆ ಉಂಡವನ ಮೂಳೆಗೆ ಇನ್ನೇನು ಚಿಂತೆ ಎಂದು ಕೇಳಬಹುದು. ಆದರೆ ಉಂಡ ಸುಣ್ಣವೆಲ್ಲವೂ ಮೂಳೆಗೆ ಸೇರುವುದಿಲ್ಲ. ಕಣಜದಲ್ಲಿ ರಾಗಿ ತುಂಬಿದ್ದರೂ ಬಾಗಿಲ ಬೀಗ ತೆಗೆಯದಿದ್ದರೆ ಮನೆಯವರು ಉಪವಾಸವೇ ಇರಬೇಕಾಗುತ್ತದೆ. ಕರುಳಿನಿಂದ ರಕ್ತಕ್ಕೆ ಸುಣ್ಣವನ್ನು ದಾಟಿಸುವ ಬೀಗದ ಕೈಯೇ ಡಿ ಜೀವಸತ್ತ್ವ. ಅದು ಸಾಕಷ್ಟಿದ್ದರೆ ಆಹಾರದ ಸುಣ್ಣದಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಭಾಗ ದೇಹಕ್ಕೆ ದಕ್ಕುತ್ತದೆ. ಇಲ್ಲದಿದ್ದರೆ ಹತ್ತು ಹದಿನೈದು ಭಾಗ ದಕ್ಕಿ ಉಳಿದುದು ವ್ಯರ್ಥವಾಗುತ್ತದೆ.

ಹಿಂದಿನ ಕನ್ನಡ ಪುಸ್ತಕಗಳಲ್ಲಿ ಜೀವಸತ್ತ್ವಗಳನ್ನು 'ಅನ್ನಾಂಗ'ಗಳೆಂದು ಕರೆಯುವ ರೂಢಿಯಿತ್ತು. ಅನ್ನದ ಅಂಗವಾಗಿ ಬರುವುದು, ದೇಹವು ತಾನಾಗಿ ತಯಾರಿಸಿಕೊಳ್ಳಲಾರದ್ದು ಎಂಬುದು ಅದರ ಅಭಿಪ್ರಾಯ. ಡಿ ಜೀವಸತ್ತ್ವದ ಮಟ್ಟಿಗೆ ಈ ಹೆಸರು ಪೂರ್ತಿಯಾಗಿ ಹೊಂದುವುದಿಲ್ಲ. ಏಕೆಂದರೆ ಇದು ಬಹುಮಟ್ಟಿಗೆ ಅನ್ನದಿಂದ ಬರುವುದಲ್ಲ, ಬಿಸಿಲಿನಿಂದ ಬರುವುದು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವುಗಳಲ್ಲಿ ಒಂದು ಬಗೆಯವು ಚರ್ಮದ ಮೇಲೆ ಬಿದ್ದಾಗ ಅಲ್ಲಿರುವ ಕೊಬ್ಬಿನಂತಹ ಒಂದು ಪದಾರ್ಥವು ಮಾರ್ಪಟ್ಟು, ಮೈಯ ಬಿಸಿಗೆ ಮತ್ತಷ್ಟು ಬದಲಾಗಿ, ಡಿ ಜೀವಸತ್ತ್ವವಾಗುತ್ತದೆ. ಅದು ರಕ್ತದೊಡನೆ ಯಕೃತ್ತಿಗೆ ಸಾಗಿ ಅಲ್ಲಿ ಒಮ್ಮೆ, ಮೂತ್ರಪಿಂಡಗಳಲ್ಲಿ ಇನ್ನೊಮ್ಮೆ ರೂಪಾಂತರ ಹೊಂದಿ, ಆಮೇಲೆ ತನ್ನ ಕಾರ್ಯಕ್ಕೆ ಸಿದ್ಧವಾಗುತ್ತದೆ. ಹೀಗೆ ಚರ್ಮದಲ್ಲಿ ಹುಟ್ಟಿ, ಯಕೃತ್ತಿನಲ್ಲಿ ಬೆಳೆದು, ಮೂತ್ರಪಿಂಡದಲ್ಲಿ ಪಕ್ವವಾಗಿ, ಕರುಳಿನಲ್ಲಿ ಕೆಲಸಮಾಡುವ ಈ ವಸ್ತುವನ್ನು ಜೀವಸತ್ತ್ವವೆನ್ನುವುದಕ್ಕಿಂತ ಹಾರ್ಮೋನು ಎನ್ನುವುದೇ ಸರಿ ಎಂಬುದು ಶಾಸ್ತ್ರಜ್ಞರ ಅಭಿಪ್ರಾಯ.

ಈ ತಿಳಿವಳಿಕೆ ಒಂದೇ ದಿನದಲ್ಲಿ ಬಂದುದಲ್ಲ. ಇದರ ಹಿಂದೆ ಸಾವಿರಾರು ಮಕ್ಕಳ ನೋವಿನ ಕಥೆಯಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಕ್ಕಳ ಮೂಳೆಗಳು ಮೆತ್ತಗಾಗಿ ಬಾಗುವ ರಿಕೆಟ್ಸ್ ಎಂಬ ರೋಗವು ಹಬ್ಬಿತು. ೧೬೫೦ರಲ್ಲಿ ಫ್ರಾನ್ಸಿಸ್ ಗ್ಲಿಸನ್ ಎಂಬ ವೈದ್ಯನು ಅದರ ಲಕ್ಷಣಗಳನ್ನು ವಿವರಿಸಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಮಗುವಿನ ಕಾಲುಗಳು ಬಿಲ್ಲಿನಂತೆ ಬಾಗುವುದು, ಮಣಿಕಟ್ಟು ದಪ್ಪವಾಗುವುದು, ಪಕ್ಕೆಲುಬುಗಳ ತುದಿಯಲ್ಲಿ ಜಪಮಣಿಗಳಂತೆ ಗಂಟುಗಳೇಳುವುದು, ಹಲ್ಲು ತಡವಾಗಿ ಮೂಡುವುದು, ಇವು ಆ ರೋಗದ ಗುರುತುಗಳು. ಕೈಗಾರಿಕೆಗಳು ಬೆಳೆದು ನಗರಗಳ ಮೇಲೆ ಕಲ್ಲಿದ್ದಲಿನ ಹೊಗೆ ಕವಿದಂತೆಲ್ಲ ರೋಗವು ಇನ್ನಷ್ಟು ಹೆಚ್ಚಿತು. ೧೮೨೨ರಲ್ಲೇ ಪೋಲೆಂಡಿನ ಸ್ನಿಯಾಡೆಟ್‌ಸ್ಕಿ ಎಂಬ ವೈದ್ಯನು ಇಂತಹ ಮಕ್ಕಳನ್ನು ಬಿಸಿಲಿಗೆ ಒಯ್ಯಬೇಕೆಂದು ಹೇಳಿದ್ದನು. ೧೮೯೦ರಲ್ಲಿ ಥಿಯೊಬಾಲ್ಡ್ ಪಾಮ್ ಎಂಬಾತನು ಹಲವು ದೇಶಗಳ ಸ್ಥಿತಿಯನ್ನು ಹೋಲಿಸಿ ನೋಡಿ, ಬಿಸಿಲು ಹೆಚ್ಚಿರುವೆಡೆ ಈ ರೋಗ ವಿರಳವೆಂದು ತೋರಿಸಿದನು. ಇಷ್ಟು ಸುಲಭವಾದ ಮದ್ದು ಇಷ್ಟು ದೊಡ್ಡ ರೋಗಕ್ಕೆ ಇದ್ದೀತೆ ಎಂದು ಬಹು ಮಂದಿ ಅದನ್ನು ಕಡೆಗಣಿಸಿದರು.

ಕೊನೆಗೆ ಎರಡು ದಾರಿಗಳಿಂದ ಉತ್ತರ ಬಂತು. ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ೧೯೧೯ರಲ್ಲಿ ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ, ಕಾಡ್ ಎಂಬ ಮೀನಿನ ಯಕೃತ್ತಿನ ಎಣ್ಣೆಯಿಂದ ರಿಕೆಟ್ಸನ್ನು ತಡೆಯಬಹುದೆಂದು ತೋರಿಸಿದರು. ಅದೇ ವರ್ಷ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯರು ರೋಗಿಗಳಾದ ಮಕ್ಕಳ ಮೈಮೇಲೆ ನೇರಳಾತೀತ ಕಿರಣಗಳ ದೀಪವನ್ನು ಹಾಯಿಸಿ ಗುಣಪಡಿಸಿದರು. ಒಂದು ತೋಳಿಗೆ ಮಾತ್ರ ಬೆಳಕು ಬಿದ್ದರೂ ಇನ್ನೊಂದು ತೋಳಿನ ಮೂಳೆಯೂ ವಾಸಿಯಾದುದನ್ನು ಅವರು ಕಂಡರು. ಬೆಳಕು ಚರ್ಮದಲ್ಲಿ ಏನನ್ನೋ ಹುಟ್ಟಿಸಿ ರಕ್ತಕ್ಕೆ ಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ೧೯೨೨ರಲ್ಲಿ ಅಮೆರಿಕದ ಮೆಕಾಲಮ್ ಎಂಬ ವಿಜ್ಞಾನಿ, ಮೀನೆಣ್ಣೆಯಲ್ಲಿರುವ ಈ ಗುಣವು ಆಗಲೇ ತಿಳಿದಿದ್ದ ಎ ಜೀವಸತ್ತ್ವದ್ದಲ್ಲವೆಂದು ಸಿದ್ಧಪಡಿಸಿದರು. ಎ, ಬಿ, ಸಿ ಎಂಬ ಹೆಸರುಗಳು ಆಗಲೇ ಬಳಕೆಯಾಗಿದ್ದುದರಿಂದ ಇದಕ್ಕೆ ಡಿ ಎಂಬ ಹೆಸರು ಬಂತು. ಈ ಸಂಬಂಧವಾದ ರಸಾಯನಶಾಸ್ತ್ರದ ಸಂಶೋಧನೆಗಾಗಿ ಜರ್ಮನಿಯ ಅಡಾಲ್ಫ್ ವಿಂಡೌಸ್ ಅವರಿಗೆ ೧೯೨೮ರ ನೊಬೆಲ್ ಬಹುಮಾನವು ದೊರೆಯಿತು.

ಇದು ಚಳಿನಾಡಿನವರ ಕಷ್ಟ, ನಮಗೇನು ಎಂದು ಅಂದಿನವರೂ ಭಾವಿಸಿದ್ದರು. ಆದರೆ ಅದೇ ೧೯೨೨ರಲ್ಲಿ ಹಚಿಸನ್ ಮತ್ತು ಶಾ ಎಂಬ ಇಬ್ಬರು ವೈದ್ಯರು ನಾಸಿಕದ ಪರಿಸರದಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಅವರು ಕಂಡ ಸಂಗತಿ ಆಶ್ಚರ್ಯಕರವಾದುದು. ಹಾಲು ತುಪ್ಪಗಳಿಗೆ ಕೊರತೆಯಿಲ್ಲದ, ಆದರೆ ಹೆಂಗಸರೂ ಮಕ್ಕಳೂ ಮನೆಯಿಂದ ಹೊರಬರದ ಸಿರಿವಂತ ಕುಟುಂಬಗಳಲ್ಲಿ ರಿಕೆಟ್ಸ್ ಇತ್ತು. ಒಣರೊಟ್ಟಿ ತಿಂದು ದಿನವೆಲ್ಲ ಹೊಲದಲ್ಲಿ ದುಡಿಯುವ ಬಡವರ ಮಕ್ಕಳಲ್ಲಿ ಅದು ಇರಲಿಲ್ಲ. ಆಹಾರದ ಸಿರಿತನವು ಬಿಸಿಲಿನ ಬಡತನವನ್ನು ನೀಗಲಾರದು ಎಂಬುದು ಇದರಿಂದ ಸ್ಪಷ್ಟವಾಯಿತು. ಸೂರ್ಯನು ನಾಡಿನ ಮೇಲೆ ಎಷ್ಟು ಬೆಳಗುತ್ತಾನೆಂಬುದು ಮುಖ್ಯವಲ್ಲ; ನಮ್ಮ ಚರ್ಮದ ಮೇಲೆ ಎಷ್ಟು ಬೀಳುತ್ತಾನೆಂಬುದೇ ಮುಖ್ಯ.

ಒಂದು ಶತಮಾನ ಕಳೆದ ಮೇಲೆ ನಮ್ಮ ಸ್ಥಿತಿ ಹೇಗಿದೆ? ೨೦೧೬ರಿಂದ ೨೦೧೮ರವರೆಗೆ ಭಾರತದಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ ೧೪, ಐದರಿಂದ ಒಂಬತ್ತು ವರ್ಷದವರಲ್ಲಿ ೧೮, ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ೨೪ ಮಂದಿಗೆ ಡಿ ಜೀವಸತ್ತ್ವದ ಕೊರತೆಯಿತ್ತು. ಈ ಅಂಕಿಗಳ ನಡಿಗೆಯನ್ನು ಗಮನಿಸಬೇಕು. ವಯಸ್ಸು ಏರಿದಂತೆ ಕೊರತೆಯೂ ಏರಿದೆ. ಅಂಗಳದಲ್ಲಿ ಓಡಾಡುವ ಕೂಸಿಗಿಂತ ಕೊಠಡಿಯಲ್ಲಿ ಕುಳಿತು ಓದುವ ಹುಡುಗ ಹುಡುಗಿಯರಲ್ಲಿ ಅದು ಹೆಚ್ಚು. ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಈ ಕೊನೆಯ ಗುಂಪಿಗೇ ಸೇರಿದವರು. ಮೂಳೆಗಳು ಉದ್ದಕ್ಕೂ ದಪ್ಪಕ್ಕೂ ಬೇಗಬೇಗನೆ ಬೆಳೆಯುವುದು ಇದೇ ವಯಸ್ಸಿನಲ್ಲಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಗಂಭೀರವಾದುದು. ಎಳವೆಯಲ್ಲಿ ಸೊಂಟದ ಮೂಳೆ ಮೆತ್ತಗಾಗಿ ಆಕಾರಗೆಟ್ಟರೆ ಮುಂದೆ ಹೆರಿಗೆಯ ಕಾಲದಲ್ಲಿ ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಕಟ ಬರಬಹುದು.

ಬಿಸಿಲಿದ್ದೂ ಈ ಕೊರತೆ ಏಕೆ? ಕಾರಣಗಳು ಹಲವು. ಕಿಟಕಿಯ ಗಾಜು ಬೆಳಕನ್ನು ಒಳಬಿಡುತ್ತದೆ. ಆದರೆ ನಮಗೆ ಬೇಕಾದ ಕಿರಣಗಳನ್ನು ತಡೆದುಬಿಡುತ್ತದೆ. ಮೈತುಂಬ ಬಟ್ಟೆಯೂ ಹಾಗೆಯೇ. ಕಪ್ಪು ಚರ್ಮದಲ್ಲಿರುವ ವರ್ಣದ್ರವ್ಯವು ಕಡುಬಿಸಿಲಿನಿಂದ ನಮ್ಮನ್ನು ಕಾಪಾಡುವ ಕೊಡೆ. ಆ ಕಾರಣದಿಂದಲೇ ಬಿಳಿಯ ಚರ್ಮದವರಿಗಿಂತ ನಮಗೆ ಹೆಚ್ಚು ಹೊತ್ತಿನ ಬಿಸಿಲು ಬೇಕಾಗುತ್ತದೆ. ಇನ್ನು ಹೊತ್ತಿನ ವಿಚಾರ. ಎಳೆಬಿಸಿಲೇ ಮೂಳೆಗೆ ಒಳ್ಳೆಯದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಮುಂಜಾನೆಯ ಬಿಸಿಲು ಮೈಗೆ ಹಿತವೇನೋ ಹೌದು. ಆದರೆ ಆಗ ಸೂರ್ಯನ ಕಿರಣಗಳು ಓರೆಯಾಗಿ ಬಂದು ವಾಯುಮಂಡಲದಲ್ಲಿ ಬಹುದೂರ ಸಾಗಬೇಕಾದುದರಿಂದ ನೇರಳಾತೀತ ಕಿರಣಗಳು ದಾರಿಯಲ್ಲಿಯೇ ಹೀರಿಹೋಗುತ್ತವೆ. ದಂಡಿಗನಹಳ್ಳಿಯಂತೆಯೇ ಹದಿಮೂರು ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ತಿರುಪತಿಯಲ್ಲಿ ಸಂಶೋಧಕರು ಪರೀಕ್ಷಿಸಿದಾಗ, ಹಗಲು ಹನ್ನೊಂದರಿಂದ ಎರಡು ಗಂಟೆಯವರೆಗಿನ ಬಿಸಿಲಿನಲ್ಲಿ ಈ ಜೀವಸತ್ತ್ವವು ಚೆನ್ನಾಗಿ ಹುಟ್ಟುವುದೆಂದು ತಿಳಿದುಬಂತು. ಅದೇ ಪ್ರದೇಶದಲ್ಲಿ, ಹೊಲದಲ್ಲಿ ದುಡಿಯುವ ಹಳ್ಳಿಗರ ರಕ್ತದಲ್ಲಿ ಪಟ್ಟಣಿಗರಿಗಿಂತ ಇದು ಹೆಚ್ಚಾಗಿದ್ದುದೂ ಕಂಡುಬಂತು.

ಇದನ್ನು ಅಳೆಯಲು ಯಾವ ಉಪಕರಣವೂ ಬೇಕಾಗಿಲ್ಲ. ಶಾಲೆಯ ಬಯಲಿನಲ್ಲಿ ನಿಂತು ನಿಮ್ಮ ನೆರಳನ್ನು ನೋಡಿರಿ. ನೆರಳು ನಿಮಗಿಂತ ಉದ್ದವಾಗಿದ್ದರೆ ಆ ಹೊತ್ತಿನ ಬಿಸಿಲು ಡಿ ಜೀವಸತ್ತ್ವವನ್ನು ಅಷ್ಟಾಗಿ ಕೊಡಲಾರದು. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕೊಟ್ಟೀತು. ಹಾಗೆಂದು ಬೇಸಗೆಯ ನಡುಹಗಲಿನಲ್ಲಿ ಗಂಟೆಗಟ್ಟಲೆ ಮೈ ಸುಟ್ಟುಕೊಳ್ಳಬೇಕಿಲ್ಲ. ತೋಳು, ಕಾಲು, ಮುಖಗಳಿಗೆ ಬಿಸಿಲು ತಗಲುವಂತೆ ಆಟದ ಅವಧಿಯನ್ನು ನಿಜವಾಗಿಯೂ ಆಡಿ ಕಳೆದರೆ, ಅದು ಕಾಲಹರಣವಲ್ಲ, ದೇಹಕ್ಕೆ ಸಲ್ಲಿಸಿದ ಕಂದಾಯ. ಬಿಸಿಲಿನಲ್ಲಿ ಇನ್ನೊಂದು ಸೊಗಸುಂಟು. ಚರ್ಮದಲ್ಲಿ ಬೇಕಾದಷ್ಟು ತಯಾರಾದ ಮೇಲೆ ಹೆಚ್ಚಿನದು ಅದೇ ಬೆಳಕಿನಿಂದ ಬೇರೆ ನಿರಪಾಯ ವಸ್ತುಗಳಾಗಿ ಒಡೆದುಹೋಗುತ್ತದೆ. ಆದುದರಿಂದ ಬಿಸಿಲಿನಿಂದ ಡಿ ಜೀವಸತ್ತ್ವ ಮಿತಿಮೀರಿ ವಿಷವಾಗುವ ಭಯವಿಲ್ಲ.

ನಮ್ಮ ಮನೆಗಳ ಒಂದು ಪದ್ಧತಿಯನ್ನು ಇಲ್ಲಿ ವಿಚಾರಮಾಡಬೇಕು. ಬಾಣಂತಿಯನ್ನೂ ಹಸುಗೂಸನ್ನೂ ಗಾಳಿ ಬೆಳಕು ತಾಗದ ಕೋಣೆಯಲ್ಲಿ ತಿಂಗಳುಗಟ್ಟಲೆ ಇರಿಸುವ ವಾಡಿಕೆ ಹಲವೆಡೆ ಇದೆ. ಚಳಿಯಿಂದಲೂ ಸೋಂಕಿನಿಂದಲೂ ಅವರನ್ನು ಕಾಪಾಡಬೇಕೆಂಬ ಹಿರಿಯರ ಕಾಳಜಿ ಇದರ ಮೂಲ. ಆ ಕಾಳಜಿಯನ್ನು ಹಳಿಯಲಾಗದು. ಆದರೆ ತಾಯಿಯ ಹಾಲು ಎಲ್ಲ ವಿಧದಲ್ಲಿಯೂ ಅಮೃತವಾದರೂ ಅದರಲ್ಲಿ ಡಿ ಜೀವಸತ್ತ್ವ ಬಹಳ ಕಡಿಮೆ. ತಾಯಿಗೇ ಬಿಸಿಲಿಲ್ಲದಿದ್ದರೆ ಇನ್ನೂ ಕಡಿಮೆ. ಕೊರತೆ ತೀವ್ರವಾದರೆ ಕೂಸಿನ ರಕ್ತದಲ್ಲಿ ಸುಣ್ಣವಿಳಿದು ಫಿಟ್ಸ್ ಬರುವುದೂ ಉಂಟು. ಇಂತಹ ಸಂದರ್ಭದಲ್ಲಿ ಕೆಲವರು ದೃಷ್ಟಿದೋಷವೆಂದೋ ಗ್ರಹಚಾರವೆಂದೋ ಬಗೆದು ಹೊತ್ತು ಕಳೆಯುತ್ತಾರೆ; ಮಗುವಿಗೆ ಬೇಕಾದುದು ಒಡನೆ ವೈದ್ಯರ ನೆರವು. ಈ ಕಾರಣದಿಂದಲೇ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು ಹುಟ್ಟಿದಂದಿನಿಂದ ಒಂದು ವರ್ಷದವರೆಗೆ ಪ್ರತಿ ಶಿಶುವಿಗೂ ದಿನಕ್ಕೆ ೪೦೦ ಮಾನಗಳಷ್ಟು ಡಿ ಜೀವಸತ್ತ್ವದ ಹನಿಯನ್ನು ಹಾಕಬೇಕೆಂದು ಸಲಹೆಮಾಡಿದೆ. ದೊಡ್ಡವರಿಗೆ ದಿನವೊಂದಕ್ಕೆ ೬೦೦ ಮಾನಗಳು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಗೊತ್ತುಪಡಿಸಿತು. ಇಲ್ಲಿ ಮಾನವೆಂದರೆ ಅಂತರರಾಷ್ಟ್ರೀಯ ಅಳತೆ. ಅಂತಹ ನಲವತ್ತು ಮಾನಗಳು ಸೇರಿದರೆ ಒಂದು ಮೈಕ್ರೋಗ್ರಾಂ.

ಇಲ್ಲಿಯವರೆಗೆ ಹೇಳಿದುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಡಿ ಜೀವಸತ್ತ್ವಕ್ಕೂ ಮೂಳೆಗೂ ಇರುವ ಸಂಬಂಧ ಸಿದ್ಧವಾದುದು. ಆದರೆ ಕಳೆದ ಕೆಲವು ದಶಕಗಳಲ್ಲಿ ಇದರ ಕೀರ್ತಿ ಮೂಳೆಯ ಎಲ್ಲೆಯನ್ನು ದಾಟಿ ಹಬ್ಬಿತು. ಹೃದ್ರೋಗ, ಅರ್ಬುದ, ಸಕ್ಕರೆ ಕಾಯಿಲೆ, ಕ್ಷಯ, ನೆಗಡಿ, ಮನಸ್ಸಿನ ಖಿನ್ನತೆ, ಯಾವ ರೋಗದ ಹೆಸರು ಹೇಳಿದರೂ ಆ ರೋಗಿಗಳ ರಕ್ತದಲ್ಲಿ ಡಿ ಜೀವಸತ್ತ್ವ ಕಡಿಮೆಯಿರುವುದು ಕಂಡುಬಂತು. ಹಾಗಾದರೆ ಅದನ್ನು ನುಂಗಿದರೆ ಈ ರೋಗಗಳೆಲ್ಲ ಓಡಿಹೋಗುವುವೆ? ಅನೇಕರು ಹಾಗೆಂದು ನಂಬಿದರು. ಔಷಧದ ಅಂಗಡಿಗಳಲ್ಲಿ ಮಾತ್ರೆ, ಪುಡಿ, ಹನಿಗಳ ಮಾರಾಟ ಹೆಚ್ಚಿತು.

ಇಲ್ಲಿ ನಾವು ತಾಳ್ಮೆಯಿಂದ ಆಲೋಚಿಸಬೇಕು. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಬೀದಿಯಲ್ಲಿ ಕೊಡೆಗಳು ಹೆಚ್ಚಾದ ದಿನವೇ ಮಳೆಯೂ ಸುರಿಯುತ್ತದೆ. ಕೊಡೆ ಬಿಚ್ಚಿದುದರಿಂದ ಮಳೆ ಬಂತೆಂದು ಯಾರಾದರೂ ಹೇಳುವರೆ? ಕಾಯಿಲೆಯಾದವನು ಮನೆಯೊಳಗೇ ಮಲಗಿರುತ್ತಾನೆ. ಮಲಗಿದವನಿಗೆ ಬಿಸಿಲು ತಾಗದು. ಆದುದರಿಂದ ಅವನ ರಕ್ತದಲ್ಲಿ ಡಿ ಜೀವಸತ್ತ್ವ ಇಳಿಯುತ್ತದೆ. ಇಲ್ಲಿ ಕೊರತೆಯು ರೋಗದ ತಾಯಿಯಾಗಿರದೆ ಮಗಳೇ ಆಗಿರಬಹುದು. ಇದಕ್ಕೆ ಪ್ರತಿಯಾಗಿ ಗಟ್ಟಿಮುಟ್ಟಾದವನು ಹೊರಗೆ ದುಡಿಯುತ್ತಾನೆ, ನಡೆಯುತ್ತಾನೆ. ಅವನ ಆರೋಗ್ಯಕ್ಕೆ ಆ ದುಡಿಮೆ ಕಾರಣವೋ ಬಿಸಿಲು ಕಾರಣವೋ ಬೇರ್ಪಡಿಸುವುದು ಸುಲಭವಲ್ಲ.

ಕಾರಣವನ್ನು ಅವಸರದಿಂದ ಹೆಸರಿಸುವುದು ಎಷ್ಟು ತಪ್ಪಾದೀತೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ೧೯೭೦ರ ದಶಕದ ನಡುವೆ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡಿನಲ್ಲಿ ಕೀಲುಗಳು ನೋಯುವ, ಸೊಂಟ ಬಾಗುವ, ನಡೆಯಲಾಗದಂತೆ ಮಾಡುವ ಒಂದು ರೋಗವು ಬೆಳಕಿಗೆ ಬಂತು. ಗದ್ದೆಗೆ ಸಿಂಪಡಿಸಿದ ಕೀಟನಾಶಕವು ಏಡಿಗಳ ಮೂಲಕ ಅವುಗಳನ್ನು ತಿಂದವರ ದೇಹವನ್ನು ಸೇರಿ ಈ ರೋಗ ಬಂದಿರಬಹುದೆಂದು ಮೊದಲು ಊಹಿಸಲಾಯಿತು. ಬಳಿಕ ವಿಜ್ಞಾನಿಗಳು ಮನೆಮನೆಯ ವಂಶಾವಳಿಯನ್ನು ಪರಿಶೀಲಿಸಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ವಂಶಪಾರಂಪರ್ಯದ ಕಾಯಿಲೆಯೆಂದು ತಿಳಿಯಿತು. ಬಾಗಿದ ಕಾಲನ್ನು ಕಂಡೊಡನೆ ಡಿ ಜೀವಸತ್ತ್ವದ ಕೊರತೆಯೆಂದು ತೀರ್ಮಾನಿಸುವುದೂ ಹೀಗೆಯೇ ಅವಸರದ ಮಾತು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೂ, ಆಹಾರದಲ್ಲಿ ಸುಣ್ಣವೇ ಇಲ್ಲದಿದ್ದರೂ ಮೂಳೆ ಕೆಡಬಹುದು.

ನಿಜವಾದ ಕಾರಣವನ್ನು ಕಂಡುಹಿಡಿಯಲು ವೈದ್ಯಶಾಸ್ತ್ರವು ಒಂದು ನ್ಯಾಯವಾದ ಮಾರ್ಗವನ್ನು ಕಂಡುಕೊಂಡಿದೆ. ಬಹು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಔಷಧವನ್ನೂ ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಹುಸಿಮಾತ್ರೆಯನ್ನೂ ಕೊಡುತ್ತಾರೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ತಿಳಿಯದು, ನುಂಗುವವರಿಗೂ ತಿಳಿಯದು. ವರ್ಷಗಳ ಮೇಲೆ ಲೆಕ್ಕ ತೆಗೆದಾಗ ಎರಡು ಗುಂಪುಗಳ ನಡುವೆ ಅಂತರ ಕಂಡರೆ ಅದು ಔಷಧದ ಗುಣ.

ಇಂತಹ ಪರೀಕ್ಷೆಗಳು ಏನು ಹೇಳಿದುವು? ಅಮೆರಿಕದಲ್ಲಿ ೨೫,೮೭೧ ಮಂದಿ ನಡುವಯಸ್ಸಿನವರೂ ಮುದುಕರೂ ಪಾಲ್ಗೊಂಡ 'ವೈಟಲ್' ಎಂಬ ಪರೀಕ್ಷೆಯಲ್ಲಿ, ಒಂದು ಗುಂಪಿನವರಿಗೆ ಐದು ವರ್ಷಗಳಿಗೂ ಮಿಗಿಲಾಗಿ ದಿನಕ್ಕೆ ೨,೦೦೦ ಮಾನಗಳನ್ನು ಕೊಡಲಾಯಿತು. ೨೦೧೮ರ ಕೊನೆಯಲ್ಲಿ ಹೊರಬಿದ್ದ ಫಲಿತಾಂಶದಂತೆ, ಹೊಸದಾಗಿ ಅರ್ಬುದ ಬರುವುದಾಗಲಿ ಹೃದಯಾಘಾತವಾಗಲಿ ಅದರಿಂದ ಕಡಿಮೆಯಾಗಲಿಲ್ಲ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ೨,೪೨೩ ಮಂದಿಯ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿಯೂ ಎರಡು ಗುಂಪುಗಳ ಅಂತರವು ನಿಶ್ಚಯವಾಗಿ ಹೇಳಬಹುದಾದಷ್ಟು ಇರಲಿಲ್ಲ. ಪಾಲ್ಗೊಂಡ ಬಹುಮಂದಿಯಲ್ಲಿ ಮೊದಲೇ ಕೊರತೆಯಿರಲಿಲ್ಲವಲ್ಲ, ತುಂಬಿದ ಕೊಡಕ್ಕೆ ನೀರು ಹೊಯ್ದರೆ ಏನು ಫಲ ಎಂಬ ಆಕ್ಷೇಪವು ನ್ಯಾಯವಾದುದೇ.

ಆ ಆಕ್ಷೇಪಕ್ಕೆ ಒಂದು ಉತ್ತರ ಮಂಗೋಲಿಯಾದಿಂದ ಬಂತು. ಅದಕ್ಕೆ ಹಿನ್ನೆಲೆಯನ್ನು ತಿಳಿಯಬೇಕು. ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ರೋಗಿಗಳನ್ನು ಒಳ್ಳೆಯ ಗಾಳಿ ಬಿಸಿಲುಗಳಲ್ಲಿ ಇರಿಸಿ ಉಪಚರಿಸುವ ಆರೋಗ್ಯಧಾಮಗಳು ಎಲ್ಲೆಡೆ ಹುಟ್ಟಿದುವು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆಯೂ ಅಂತಹ ಕಾಲದ್ದೇ. ಆದುದರಿಂದ ಡಿ ಜೀವಸತ್ತ್ವವು ಕ್ಷಯವನ್ನು ತಡೆದೀತೆಂಬ ಆಸೆ ಸಹಜವಾಗಿತ್ತು. ಮಂಗೋಲಿಯಾದಲ್ಲಿ ೮,೮೫೧ ಶಾಲಾಮಕ್ಕಳನ್ನು ಎರಡು ಗುಂಪುಮಾಡಿ, ಒಂದಕ್ಕೆ ಮೂರು ವರ್ಷ ವಾರಕ್ಕೆ ೧೪,೦೦೦ ಮಾನಗಳಂತೆ ಕೊಡಲಾಯಿತು. ಅವರಲ್ಲಿ ಬಹುಪಾಲು ಮಕ್ಕಳು ಕೊರತೆಯುಳ್ಳವರೇ. ಅವರ ರಕ್ತದಲ್ಲಿ ಡಿ ಜೀವಸತ್ತ್ವ ಏರಿತು. ಆದರೆ ಕ್ಷಯದ ಸೋಂಕು ತಗಲುವುದು ಕಡಿಮೆಯಾಗಲಿಲ್ಲ. ಈ ಫಲಿತಾಂಶವು ೨೦೨೦ರಲ್ಲಿ ಪ್ರಕಟವಾಯಿತು.

ಹಾಗೆಂದು ಬಾಗಿಲು ಪೂರ್ತಿಯಾಗಿ ಮುಚ್ಚಿದಂತಲ್ಲ. ದೇಹವು ತನ್ನನ್ನೇ ಶತ್ರುವೆಂದು ಬಗೆದು ಕಾದಾಡುವ ಸ್ವರಕ್ಷಾ ರೋಗಗಳು ಡಿ ಜೀವಸತ್ತ್ವವನ್ನು ಸೇವಿಸಿದವರಲ್ಲಿ ನೂರಕ್ಕೆ ಸುಮಾರು ೨೨ರಷ್ಟು ಕಡಿಮೆಯಾಗಿ ಕಂಡುವೆಂದು ವೈಟಲ್ ಪರೀಕ್ಷೆಯವರೇ ೨೦೨೨ರಲ್ಲಿ ತಿಳಿಸಿದರು. ಇದನ್ನು ಇತರರೂ ಪರೀಕ್ಷಿಸಿ ನೋಡಬೇಕು. ವಿಜ್ಞಾನವು 'ಹೌದು' ಎನ್ನುವಲ್ಲಿ ಹೌದು ಎಂದೂ, 'ಅಲ್ಲ' ಎನ್ನುವಲ್ಲಿ ಅಲ್ಲ ಎಂದೂ, 'ಇನ್ನೂ ನೋಡಬೇಕು' ಎನ್ನುವಲ್ಲಿ ನೋಡಬೇಕು ಎಂದೂ ಒಪ್ಪಿಕೊಳ್ಳುವುದೇ ವಿವೇಕ. ೨೦೨೪ರಲ್ಲಿ ಎಂಡೋಕ್ರೈನ್ ಸೊಸೈಟಿ ಎಂಬ ತಜ್ಞರ ಸಂಸ್ಥೆಯು ಹೊರಡಿಸಿದ ಸೂಚನೆಗಳೂ ಇದೇ ಧಾಟಿಯವು. ಮಕ್ಕಳು, ಗರ್ಭಿಣಿಯರು, ಎಪ್ಪತ್ತೈದು ದಾಟಿದ ವೃದ್ಧರು, ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರು, ಇವರಿಗೆ ಡಿ ಜೀವಸತ್ತ್ವದ ಪೂರೈಕೆಯಿಂದ ಪ್ರಯೋಜನವಾಗಬಹುದು. ಉಳಿದ ಆರೋಗ್ಯವಂತರು ದಿನದ ಅವಶ್ಯಕತೆಗಿಂತ ಹೆಚ್ಚು ಸೇವಿಸಬೇಕಾಗಿಲ್ಲ, ಸುಮ್ಮನೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕಾಗಿಯೂ ಇಲ್ಲ ಎಂಬುದು ಅದರ ಸಾರ.

ಒಳ್ಳೆಯದೆಂದು ತಿಳಿದುದನ್ನು ಎಷ್ಟು ತೆಗೆದುಕೊಂಡರೂ ಒಳ್ಳೆಯದೇ ಎಂಬುದು ದೊಡ್ಡ ತಪ್ಪು. ಆಸ್ಟ್ರೇಲಿಯಾದಲ್ಲಿ ೨,೨೫೬ ಮಂದಿ ವೃದ್ಧೆಯರ ಮೇಲೆ ಒಂದು ಪರೀಕ್ಷೆ ನಡೆಯಿತು. ಮೂಳೆ ಗಟ್ಟಿಯಾಗಲೆಂದು ಒಂದು ಗುಂಪಿನವರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಮಾನಗಳನ್ನು ಒಟ್ಟಿಗೇ ಕೊಡಲಾಯಿತು. ೨೦೧೦ರಲ್ಲಿ ಫಲಿತಾಂಶ ಪ್ರಕಟವಾದಾಗ, ಔಷಧ ಪಡೆದವರೇ ಹೆಚ್ಚಾಗಿ ಬಿದ್ದು ಮೂಳೆ ಮುರಿದುಕೊಂಡಿದ್ದರು. ಹದವರಿತು ಬಿದ್ದ ಮಳೆ ಬೆಳೆಯನ್ನು ಕೊಡುತ್ತದೆ. ವರ್ಷದ ಮಳೆಯೆಲ್ಲ ಒಂದೇ ಇರುಳು ಸುರಿದರೆ ಹೊಲ ಕೊಚ್ಚಿಹೋಗುತ್ತದೆ.

ನಮ್ಮಲ್ಲಿ ವೈದ್ಯರು ಬರೆದುಕೊಡುವ ಪುಡಿಯ ಪೊಟ್ಟಣದಲ್ಲಿ ಸಾಮಾನ್ಯವಾಗಿ ೬೦,೦೦೦ ಮಾನಗಳಿರುತ್ತವೆ. ಲೆಕ್ಕ ಹಾಕಿ ನೋಡಿರಿ: ದಿನಕ್ಕೆ ೬೦೦ ಎಂದರೆ ಒಂದು ಪೊಟ್ಟಣವು ನೂರು ದಿನಗಳ ಅವಶ್ಯಕತೆಗೆ ಸಮ. ಕೊರತೆಯುಳ್ಳವರಿಗೆ ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಇದನ್ನು ಕೊಡುತ್ತಾರೆ. 'ವಾರಕ್ಕೊಂದು' ಎಂಬುದನ್ನು 'ದಿನಕ್ಕೊಂದು' ಎಂದು ತಪ್ಪಾಗಿ ತಿಳಿದು ತಿಂಗಳುಗಟ್ಟಲೆ ಸೇವಿಸಿದರೆ ರಕ್ತದಲ್ಲಿ ಸುಣ್ಣ ಮಿತಿಮೀರುತ್ತದೆ. ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ, ಮಂಕು ಕವಿಯುವುದು, ಕೊನೆಗೆ ಮೂತ್ರಪಿಂಡಗಳು ಕೆಡುವುದು, ಇವು ಅದರ ಫಲ. ಈ ಜೀವಸತ್ತ್ವವು ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಸಂಗ್ರಹವಾಗುವುದರಿಂದ, ಸೇವನೆಯನ್ನು ನಿಲ್ಲಿಸಿದ ಮೇಲೂ ತೊಂದರೆ ಬಹುಕಾಲ ಉಳಿಯುತ್ತದೆ. ಓದುಬರಹ ಬಲ್ಲ ಮಕ್ಕಳು ಮನೆಯ ಹಿರಿಯರಿಗೆ ಔಷಧದ ಚೀಟಿಯನ್ನು ಸರಿಯಾಗಿ ಓದಿ ಹೇಳುವುದೂ ಒಂದು ದೊಡ್ಡ ಸೇವೆಯೇ ಸರಿ.

ಹಾಗಾದರೆ ನಾವು ಮಾಡಬೇಕಾದುದೇನು? ರಾಗಿ, ಹಾಲು, ಮಜ್ಜಿಗೆ, ಸೊಪ್ಪು ಊಟದಲ್ಲಿರಲಿ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟುಮಾಡಿದರೆ ಸುಣ್ಣವನ್ನು ಕಟ್ಟಿಹಿಡಿಯುವ ಫೈಟೇಟ್ ಎಂಬ ಅಂಶವು ಇಳಿದು, ಸುಣ್ಣವು ದೇಹಕ್ಕೆ ಇನ್ನಷ್ಟು ದಕ್ಕುತ್ತದೆ. ಆಹಾರದಲ್ಲಿ ಡಿ ಜೀವಸತ್ತ್ವವು ಕೊಬ್ಬಿರುವ ಮೀನು, ಮೊಟ್ಟೆಯ ಹಳದಿ, ಬಿಸಿಲಿಗೆ ಹರಡಿದ ಅಣಬೆ ಇವುಗಳಲ್ಲಿ ಮಾತ್ರ ಗಣನೀಯವಾಗಿದೆ. ಆದುದರಿಂದ ಹಾಲಿಗೂ ಅಡಿಗೆಯ ಎಣ್ಣೆಗೂ ಇದನ್ನು ಬೆರೆಸುವ ಕ್ರಮವನ್ನು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು ಗೊತ್ತುಮಾಡಿದೆ. ಅಂತಹ ಪೊಟ್ಟಣಗಳ ಮೇಲೆ ಕೂಡಿಸುವ ಚಿಹ್ನೆಯೊಡನೆ 'ಎಫ್' ಎಂಬ ಅಕ್ಷರದ ಗುರುತಿರುತ್ತದೆ. ಕೂತಲ್ಲಿಂದ ಏಳಲು ತೊಡೆ ಸೋಲುವುದು, ಮೂಳೆಗಳಲ್ಲಿ ಬಿಡದ ನೋವು, ಮಗುವಿನ ಕಾಲು ಬಾಗುವುದು, ಇಂತಹ ಲಕ್ಷಣಗಳು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಹೇಳಿದಷ್ಟನ್ನು, ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು.

ಡಿ ಜೀವಸತ್ತ್ವವು ಸರ್ವರೋಗಕ್ಕೂ ಸಂಜೀವಿನಿಯಲ್ಲ. ಹಾಗೆಂದು ಅಲಕ್ಷಿಸತಕ್ಕದ್ದೂ ಅಲ್ಲ. ಅದು ತನ್ನ ಕೆಲಸವನ್ನು ಚೆನ್ನಾಗಿ ಬಲ್ಲ ಒಬ್ಬ ಕೆಲಸಗಾರ. ಅದಕ್ಕೆ ಅದರ ಕೂಲಿಯಾದ ಬಿಸಿಲನ್ನು ಕೊಡುವುದು ನಮ್ಮ ಕರ್ತವ್ಯ. ದಂಡಿಗನಹಳ್ಳಿಯ ಹೊಲಗಳ ಮೇಲೆ ಸುರಿಯುವ ಬಿಸಿಲಿಗೆ ಬೆಲೆಯಿಲ್ಲ, ಸರದಿಯಿಲ್ಲ, ಚೀಟಿಯಿಲ್ಲ. ಅದನ್ನು ಪಡೆಯಲು ಹೊಸ್ತಿಲನ್ನು ದಾಟಿದರೆ ಸಾಕು.

ಪದಗಳ ಅರ್ಥ

ಅನ್ನಾಂಗ – ಜೀವಸತ್ತ್ವ, ವಿಟಮಿನ್
ನೇರಳಾತೀತ – ನೇರಳೆ ಬಣ್ಣಕ್ಕೂ ಆಚೆಯ, ಕಣ್ಣಿಗೆ ಕಾಣದ
ಯಕೃತ್ತು – ಪಿತ್ತವನ್ನು ಉತ್ಪಾದಿಸುವ ಅಂಗ
ಅರ್ಬುದ – ಕ್ಯಾನ್ಸರ್
ಹುಸಿಮಾತ್ರೆ – ಔಷಧದ ಅಂಶವಿಲ್ಲದ ಮಾತ್ರೆ
ಸಂಜೀವಿನಿ – ಸತ್ತವರನ್ನೂ ಬದುಕಿಸುವುದೆಂದು ಹೇಳುವ ಮೂಲಿಕೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
೧. ಡಿ ಜೀವಸತ್ತ್ವಕ್ಕೆ 'ಅನ್ನಾಂಗ' ಎಂಬ ಹೆಸರು ಏಕೆ ಪೂರ್ತಿಯಾಗಿ ಹೊಂದುವುದಿಲ್ಲ?
೨. ಗಾಜಿನ ಕಿಟಕಿಯ ಹಿಂದೆ ಕುಳಿತರೆ ಡಿ ಜೀವಸತ್ತ್ವ ಏಕೆ ದೊರೆಯುವುದಿಲ್ಲ?
೩. ೬೦,೦೦೦ ಮಾನಗಳು ಎಷ್ಟು ಮೈಕ್ರೋಗ್ರಾಂಗಳಿಗೆ ಸಮ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
೧. ನಾಸಿಕದ ಅಧ್ಯಯನದಿಂದ ತಿಳಿದುಬಂದುದೇನು?
೨. ಹುಲ್ಡ್‌ಶಿನ್‌ಸ್ಕಿ ಅವರ ಪ್ರಯೋಗದಲ್ಲಿ ಬೆಳಕು ಬೀಳದ ತೋಳೂ ವಾಸಿಯಾದುದು ಯಾವುದಕ್ಕೆ ಸಾಕ್ಷಿ?
೩. ಹಂದಿಗೋಡಿನ ನಿದರ್ಶನವನ್ನು ಲೇಖಕರು ಏಕೆ ಕೊಟ್ಟಿದ್ದಾರೆ?

ಇ) ಸಂದರ್ಭದೊಡನೆ ವಿವರಿಸಿ.
೧. "ಕೊರತೆಯು ರೋಗದ ತಾಯಿಯಾಗಿರದೆ ಮಗಳೇ ಆಗಿರಬಹುದು."
೨. "ಆಹಾರದ ಸಿರಿತನವು ಬಿಸಿಲಿನ ಬಡತನವನ್ನು ನೀಗಲಾರದು."

ಈ) ಮಾಡಿ ನೋಡಿ.
ಶಾಲೆಯ ಬಯಲಿನಲ್ಲಿ ನಿಮ್ಮ ಎತ್ತರದ ಕೋಲೊಂದನ್ನು ನೆಟ್ಟು, ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಅದರ ನೆರಳನ್ನು ಅಳೆದು ಬರೆದಿಡಿ. ನೆರಳು ಕೋಲಿಗಿಂತ ಗಿಡ್ಡವಾಗಿರುವ ಹೊತ್ತು ಎಷ್ಟೆಂಬುದನ್ನು ಲೆಕ್ಕಹಾಕಿ, ಆ ಹೊತ್ತಿನಲ್ಲಿ ನೀವು ಎಲ್ಲಿರುತ್ತೀರಿ ಎಂಬುದನ್ನು ಒಂದು ವಾರ ಗುರುತಿಸಿ.